ಕೊಡೆ ಅಂಗಡಿಯ ಬೋರ್ಡು

"ನಿಲ್ಲಿಸು!" ಎಂದು ನಿತ್ಯಾನಂದ ಮಾಸ್ತರರು ಕೂಗಿದಾಗ ಪೈಂಟರ್ ಚನಿಯಪ್ಪನ ಕುಂಚ 'ಡೀಲರ್' ಎಂಬ ಇಂಗ್ಲಿಷ್ ಶಬ್ದದ ಪಕ್ಕದಲ್ಲೇ ನಿಂತಿತು. ಮುಂದಿನದು 'ಇನ್' ಆಗಬೇಕು ಎಂದರು ಮಾಸ್ತರರು. 'ಆಫ್' ಆಗಬೇಕು ಎಂದರು ನಿವೃತ್ತ ಗುಮಾಸ್ತ ಶೀನಪ್ಪನವರು. ಮಡಂತ್ಯಾರಿನಲ್ಲಿ ಇಂಗ್ಲಿಷು ಬಲ್ಲವರು ಇವರಿಬ್ಬರೇ. ಹಾಗೆಂದು ಇಬ್ಬರೂ ಊರಿಗೆ ಹೇಳಿಟ್ಟಿದ್ದರು. ಒಬ್ಬರು ಮದರಾಸಿನಲ್ಲಿ ಬಿ.ಎ. ಪರೀಕ್ಷೆಗೆ ಕೂತವರು, ಪಾಸಾಯಿತೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇನ್ನೊಬ್ಬರು ಬಿಳಿ ಕಲೆಕ್ಟರನಿಂದ ಇಂಗ್ಲಿಷಿನಲ್ಲಿ ಬೈಸಿಕೊಂಡವರು. ದೊರೆಗಳು ಹೋಗಿ ಹತ್ತು ವರ್ಷವಾದರೂ ಆ ಬೈಗುಳದ ಮೇಲೆಯೇ ಮರ್ಯಾದೆ ಗಿಟ್ಟಿಸುತ್ತಿದ್ದರು.

ಅಂಗಡಿ ಇದಿನಬ್ಬನದು, ಹಿಂದೆಯೇ ಮನೆ. ಹೆಂಡತಿ ಆಸ್ಯಮ್ಮನ ಕಿವಿಯ ಚಿನ್ನ ಮಾರಿ ಮಂಗಳೂರಿನಿಂದ ಕೊಡೆ ತರಿಸಿ ಪೇರಿಸಿದ್ದ. ಆ ಮಳೆಗಾಲದಲ್ಲಿ ಮಾಲು ಹೋದರೆ ಚಿನ್ನ ಮತ್ತೆ ಕಿವಿಗೆ ಬರುತ್ತಿತ್ತು. ಆದರೆ ಬೋರ್ಡಿಲ್ಲದೆ ಬಾಗಿಲು ತೆರೆಯಲು ಅವನು ಒಪ್ಪಲಿಲ್ಲ. ಊರಿನ ಮೊದಲ ಇಂಗ್ಲಿಷ್ ಬೋರ್ಡು. ಓದಿದವರು ತಪ್ಪು ಹಿಡಿದು ನಕ್ಕರೆ ತಲೆ ಎತ್ತಿ ನಡೆಯುವುದು ಹೇಗೆ?

"ಅವಸರ ಮಾಡ್ಬೇಡ ಇದಿನಬ್ಬ," ಎಂದರು ಮಾಸ್ತರರು, ಅವನೇ ತರಿಸಿದ ಚಹಾ ಹೀರುತ್ತ. "ಒಂದು ಸಣ್ಣ ಶಬ್ದ ತಪ್ಪಿದರೆ ಅರ್ಥವೇ ಹಾಳಾಗ್ತದೆ."

"ದೊರೆಗಳು ಬರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ," ಎಂದರು ಶೀನಪ್ಪನವರು, ಅವನದೇ ಗೋಳಿಬಜೆ ಮುರಿಯುತ್ತ. "ಆಫ್ ಇಲ್ಲದೆ ಅವರು ಒಂದು ಚೀಟಿ ಸಹ ಬರೀತಿರಲಿಲ್ಲ."

ಸಂಜೆಯಾದರೆ ಇದೇ ಸಭೆ. ಚಹಾ ಮುಗಿಯುವ ಹೊತ್ತಿಗೆ ಸರಿಯಾಗಿ ಚರ್ಚೆ ನಾಳೆಗೆ ಹೋಗುತ್ತಿತ್ತು. ಒಂದು ದಿನ ಮಾಸ್ತರರು ಹೊಸದೊಂದು ತಕರಾರು ತಂದರು. "ಅಂಬ್ರೆಲ್ಲಾ ಶಬ್ದದ ಮೂಲ ಲ್ಯಾಟಿನ್. ಅಲ್ಲಿ ನೆರಳು ಅಂತ ಅರ್ಥ. ಅದು ಬಿಸಿಲಿನ ಸಾಮಾನು ಮಾರಾಯ! ಮಳೆಗಾಲಕ್ಕೆ ಆ ಶಬ್ದ ಹಾಕಬಹುದಾ ಅಂತ ನೋಡ್ಬೇಕು." ಇಷ್ಟು ವಿದ್ಯೆ ಒಂದೇ ತಲೆಯಲ್ಲಿ ಸೇರಿಕೊಂಡದ್ದು ಊರಿನ ದುರದೃಷ್ಟ. ಚನಿಯಪ್ಪ ಕುಂಚ ತೊಳೆದುಕೊಂಡು ಬೇರೆ ಕೆಲಸಕ್ಕೆಂದು ವಿಟ್ಲಕ್ಕೆ ಹೋದ.

"ಒಂದು ಕೊಡೆ ಬಿಡಿಸಿ ಬಾಗಿಲಿಗೆ ತೂಗಿಸಿ, ಸಾಕು," ಎಂದಳು ಆಸ್ಯಮ್ಮ. "ನೆನೆಯುವವನಿಗೆ ಇಂಗ್ಲಿಷ್ ಯಾಕೆ?"

"ನಿನಗೆ ಗೊತ್ತಾಗುದಿಲ್ಲ. ದೊಡ್ಡವರು ಮಾತಾಡ್ತಾ ಇದ್ದಾರೆ," ಎಂದ ಇದಿನಬ್ಬ.

ಮಳೆ ಯಾರ ತೀರ್ಮಾನಕ್ಕೂ ಕಾಯಲಿಲ್ಲ. ಹಿಡಿದದ್ದು ಬಿಡದೆ ಸುರಿಯಿತು. ಕೊಡೆ ಕೇಳಿಕೊಂಡು ಬಂದವರಿಗೆ ಇದಿನಬ್ಬ, "ಬೋರ್ಡು ಆಗಲಿ, ಮತ್ತೆ ಬನ್ನಿ," ಎಂದು ಕೈಮುಗಿದು ಕಳಿಸಿದ. ಅವನನ್ನು ಕಂಡು ಅಯ್ಯೋ ಅನಿಸಬೇಕು, ನಿಜ. ಆದರೆ ಮೊದಲು ಬರುವುದು ಸಿಟ್ಟು.

ಮಳೆಗಾಲ ಮುಗಿಯುತ್ತ ಬಂದಿತ್ತು. ಅಂಥ ಒಂದು ಸಂಜೆ ಇಬ್ಬರು ಪಂಡಿತರೂ ಜೋರು ಮಳೆಯಲ್ಲೇ ನಗುನಗುತ್ತ ಬಂದರು.

"ಇದಿನಬ್ಬ, ತೀರ್ಮಾನ ಆಯ್ತು! 'ಇನ್' ಅಂತಲೇ ಬರೆಸು. ಶೀನಪ್ಪನವರೂ ಒಪ್ಪಿದ್ದಾರೆ," ಎಂದು ಮಾಸ್ತರರು ಕೊಡೆ ಮಡಚಿ ಹೊಸ್ತಿಲಲ್ಲಿ ನೀರು ಕೊಡವಿದರು. ಶೀನಪ್ಪನವರೂ ತಮ್ಮದನ್ನು ಕೊಡವಿದರು. ಎರಡೂ ಹೊಚ್ಚ ಹೊಸವು.

ಇದಿನಬ್ಬನ ಕಣ್ಣು ಕೊಡೆಗಳ ಮೇಲೆಯೇ ಇತ್ತು. "ಇದು... ಎಲ್ಲಿಂದ ತಗೊಂಡದ್ದು ಮಾಸ್ಟ್ರೇ?"

"ಇದಾ? ಬಸ್ಸು ನಿಲ್ಲುವಲ್ಲಿ ಮಾಯಿಲಪ್ಪ ಗೋಣಿ ಹಾಸಿ ಮಾರ್ತಾನಲ್ಲ, ಅವನಲ್ಲಿ. ಊರಿನವರೆಲ್ಲ ಅಲ್ಲಿಯೇ ತಗೊಂಡದ್ದು. ನಿನ್ನ ಅಂಗಡಿ ತೆರೆದಿರಲಿಲ್ಲ, ಏನು ಮಾಡುದು? ನೆನೆಯಲಿಕ್ಕೆ ಆಗ್ತದಾ?"

ಅಂದು ಒಳಗಿನಿಂದ ಚಹಾ ಬರಲಿಲ್ಲ, ಆಸ್ಯಮ್ಮ ಬಂದಳು. ಗೋಡೆಗೆ ಒರಗಿಸಿದ್ದ ಬೋರ್ಡನ್ನು ಎತ್ತಿ, ಬಾಗಿಲೆದುರಿನ ಕೆಸರಿಗೆ ಹಾಸಿದಳು.

"ಇದರ ಮೇಲೆ ಕಾಲಿಟ್ಟು ಹೋಗಿ," ಎಂದಳು. "ಓದಿದವರ ಕಾಲು ಕೆಸರಾಗುದು ಬೇಡ."

ಇಬ್ಬರೂ ಕೊಡೆ ಬಿಡಿಸಿ, ಪಂಚೆ ಎತ್ತಿ ಹಿಡಿದು, ಜಾಗ್ರತೆಯಿಂದ ಅದರ ಮೇಲೆಯೇ ದಾಟಿ ಹೋದರು.