ಅಕ್ಕನ ಮನೆಯ ಲೆಕ್ಕ

ಆ ಊರಿನ ಮನೆಗಳು ದಿನಾ ಮುಂಜಾನೆ ತಮ್ಮ ಸಾಲಿನಲ್ಲೇ ಜಾಗ ಬದಲಿಸುತ್ತಿದ್ದವು. ಮೂಲ ಜಾಗದಿಂದ ಇವತ್ತು ಎಷ್ಟು ಮನೆ ದೂರ ಸರಿದಿವೆ ಎಂಬುದನ್ನು ರೇಡಿಯೊ ಹೇಳುತ್ತಿತ್ತು. ಬೆಸ ಸಾಲಿನವು ಪೂರ್ವಕ್ಕೆ, ಸರಿ ಸಾಲಿನವು ಪಶ್ಚಿಮಕ್ಕೆ. ಲೆಕ್ಕ ಬಾರದ ಕಾಶವ್ವ ತನ್ನ ಮನೆಗೇ ನೆರೆಯವರ ಬೆನ್ನು ಹಿಡಿದು ಬರುತ್ತಿದ್ದಳು. ಇನ್ನು ಅಕ್ಕ ನೀಲವ್ವನ ಮನೆ ಕಂಡು ವರ್ಷವೇ ಆಗಿತ್ತು. ಯಾರನ್ನು ಕೇಳಿದರೂ ನಿನ್ನೆಯ ಜಾಗ ತೋರಿಸುತ್ತಿದ್ದರು.

ಕೊನೆಗೆ ಅವಳು ಮೆಹಬೂಬ ಮಾಸ್ತರರ ಶಾಲೆಗೆ ಸೇರಿದಳು. ಅಲ್ಲಿ ದೊಡ್ಡವರೂ ಮಕ್ಕಳೂ ಜೊತೆಯಾಗಿ ಕವಡೆ ಆಡುತ್ತಿದ್ದರು. ಸೀಮೆಸುಣ್ಣದಲ್ಲಿ ಬರೆದ ಚೌಕಗಳೇ ಊರು. ಕವಡೆ ಬಿದ್ದಷ್ಟು ಕಾಯಿ ಸರಿಯಬೇಕು. ಕಾಶವ್ವನ ಕಾಯಿ ಸಾಲಿನ ತುದಿ ಮುಟ್ಟಿದಾಗ ಅವಳು ಅದನ್ನೆತ್ತಿ ಹೊರಗಿಟ್ಟಳು.

"ಹೊರಗ ಹೋಗೂದಿಲ್ಲ ಅಜ್ಜಿ," ಎಂದಳು ಎದುರು ಕೂತು ಆಡುತ್ತಿದ್ದ ಎರಡನೇ ತರಗತಿಯ ಸಾವಂತ್ರಿ. "ಸಾಲು ಮುಗಿದ್ರ ಮತ್ತ ಮೊದಲನೇ ಮನಿಗೆ ಬರ್ತೈತಿ."

"ಹಂಗಂದ್ರ ನಮ್ಮಕ್ಕನ ಮನಿ ಸಾಲು ದಾಟಿ ಹೋಗಿಲ್ಲ, ಆಕಿ ಊರಾಗ ಅದಾಳ," ಎಂದು ಕಾಶವ್ವ ನಕ್ಕಳು. ಆ ಆಟವನ್ನು ಅವಳೇ ಗೆದ್ದಳು.

ಮರುದಿನ ರೇಡಿಯೊ ಕೇಳಿ, ಬೆರಳು ಮಡಚುತ್ತ ಹೊರಟವಳು ಒಂದು ಮನೆಯ ಮುಂದೆ ನಿಂತು ಅಳುಕುತ್ತಲೇ ಕದ ತಟ್ಟಿದಳು. ತೆರೆದವಳು ನೀಲವ್ವ.

"ಯಾರು ಕರಕೊಂಡು ಬಂದ್ರು ನಿನ್ನ?"

"ಯಾರೂ ಇಲ್ಲ. ನಾನ ಎಣಿಸ್ಕೋತ ಬಂದೆ."

ಅಕ್ಕ ಅವಳ ಕೈ ಹಿಡಿದು ಒಳಗೆ ಕೂರಿಸಿ, ರೊಟ್ಟಿ ಬಡಿದು ಉಣ್ಣಿಸಿದಳು. ಮಾತು ಮುಗಿಯುವ ಹೊತ್ತಿಗೆ ಹೊತ್ತು ಇಳಿದಿತ್ತು.

"ಈಗ ನಿನ್ನ ಮನಿ ಹೆಂಗ ಹುಡುಕ್ತಿಯವ್ವ?" ಎಂದಳು ನೀಲವ್ವ.

"ಅದು ಎಲ್ಲೈತಿ ಅಂತ ಗೊತ್ತೈತಿ," ಎಂದು ಕಾಶವ್ವ ಗೋಡೆಗೆ ಒರಗಿದಳು. "ಇನ್ನೇನು ಅವಸರ? ಚಾ ಇಡು."