ಹಿಂದಿನ ಕೋಣೆಯ ಚಿಲಕ

ಟೀಚರು ಹಿಂದಿನ ಕೋಣೆಯ ಕಿಟಕಿ ಸರಳಿನಿಂದ ಕಪ್ಪು ಕೂದಲೊಂದನ್ನು ಕಿತ್ತು, ಪಕ್ಕದ ಮನೆಯ ವ್ಯಾನ್ ಡ್ರೈವರನ ಮೂಗಿನ ಕೆಳಗೆ ಹಿಡಿದರು.

“ಇದು ಯಾರದು?”

“ನನ್ನದಂತೂ ಅಲ್ಲ, ಟೀಚರ್. ನನ್ನವೆಲ್ಲ ಉದುರಿ ಎಷ್ಟೋ ಕಾಲವಾಯ್ತು.”

ಟೀಚರು ನಗಲಿಲ್ಲ. ಅವರ ಕಾಲ ಬಳಿ ಅವರ ನಾಯಿ ಕೆಂಪಿ ಭಾರವಾಗಿ ಮಲಗಿತ್ತು. ಅದರ ಹೊಟ್ಟೆ ಮುಚ್ಚಿಡುವ ಹಂತ ದಾಟಿತ್ತು.

ಬೀದಿಗೆಲ್ಲ ಅವರು ನಾಯಿ ಟೀಚರು. ‘ಕೊಳ್ಳಬೇಡಿ, ದತ್ತು ತಗೊಳ್ಳಿ, ತಗೊಂಡ ಮೇಲೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ’ ಎಂದು ಬಾಗಿಲು ಬಾಗಿಲು ತಟ್ಟಿದವರು. ಬಸುರಿಯಾಗಿಯೇ ಬೀದಿಯಿಂದ ಬಂದ ಕೆಂಪಿಯ ಮೊದಲ ಮರಿಗಳಿಗೆ ಮನೆ ಹುಡುಕಲು ನಾದಿನಿಯಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರಿಗೂ ಗಂಟುಬಿದ್ದಿದ್ದರು. ಯಾರಿಗೂ ಬೇಡವಾದ ಕುಂಟುಮರಿ ಮಸಿ ಅವರಲ್ಲೇ ಉಳಿದಿತ್ತು. ಈಗ ಇನ್ನೊಂದು ಸೂಲಿಗೆ ಮನೆಗಳೆಲ್ಲಿ? ನಾಳೆ ಬಾಗಿಲು ತಟ್ಟಲು ಮುಖವೆಲ್ಲಿ?

ಕೆಂಪಿಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಅದು ಬೆದೆಗೆ ಬಂತು. ಮುಗಿಯುವವರೆಗೆ ಕಾಯಿರಿ, ಹೊರಗೆ ಬಿಡಬೇಡಿ ಎಂದಿದ್ದರು ಪಶುವೈದ್ಯೆ. ಟೀಚರು ಹಿಂದಿನ ಕೋಣೆಗೆ ಹಾಕಿ ಚಿಲಕ ಜಡಿದಿದ್ದರು. ಗಾಳಿಗೆಂದು ಕಿಟಕಿ ಮಾತ್ರ ತೆರೆದಿತ್ತು. ಆಚೆ ಬದಿಯಲ್ಲೇ ಡ್ರೈವರನ ನಾಯಿ ಕರಿಯನ ಗೂಡು.

“ನಿಮ್ಮ ಕರಿಯನೇ ಹೇಗೋ ನುಗ್ಗಿರೋದು.”

“ಕೂದಲು ಸರಳಿನ ಒಳಗಡೆ ಅಂಟಿತ್ತಲ್ಲ ಟೀಚರ್.”

“ಒಳಗೆ ಬಂದಿದ್ದಾನೆ ಅಂತ ತಾನೇ ಅರ್ಥ?”

“ನೀವು ಬೆನ್ನುಬಿದ್ದಿದ್ದಕ್ಕೇ ಅವನಿಗೆ ಆಪರೇಷನ್ ಮಾಡಿಸಿದ್ನಲ್ಲ.”

“ಮಾಡಿಸಿದೆ ಅಂತ ನೀವು ಹೇಳಿದ್ರಿ. ನಾನೇನು ಕಣ್ಣಾರೆ ನೋಡಿದ್ನಾ?”

ಡ್ರೈವರನ ಮುಖ ಗಂಟಾಯಿತು. “ಮನೆಯವರ ಥರ ಇದ್ದೋರನ್ನ ಅನುಮಾನಿಸ್ತೀರಲ್ಲ.”

“ಮನೆಯವರ ಥರ ಇರೋರನ್ನೇ ಮೊದಲು ಅನುಮಾನಿಸ್ಬೇಕು.”

“ಸರಿ, ನಡೀರಿ ಡಾಕ್ಟರ ಹತ್ರ. ಇವತ್ತು ಇತ್ಯರ್ಥ ಆಗ್ಲಿ.”

ವ್ಯಾನಿನ ಹಿಂದೆ ಕರಿಯ, ನಡುವೆ ಕೆಂಪಿ. ಅಮ್ಮನನ್ನು ಗಳಿಗೆಯೂ ಬಿಟ್ಟಿರದ ಮಸಿ, ಜಾಗ ಸಾಲದಿದ್ದರೂ ಟೀಚರ ಮಡಿಲಲ್ಲಿ.

ಪಶುವೈದ್ಯೆ ಕರಿಯನನ್ನು ಮಗುಚಿ ನೋಡಿದರು. “ಇದು ನಾನೇ ಮಾಡಿದ ಆಪರೇಷನ್. ಇವನ ಕೈಲಿ ಏನೂ ಆಗಲ್ಲ.”

ಟೀಚರ ಮುಖ ಬಿಳಿಚಿತು. ಡ್ರೈವರ್ ಬೇಕೆಂದೇ ಗೋಡೆ ನೋಡುತ್ತ ನಿಂತ.

“ಹಾಗಾದ್ರೆ ಯಾವನು? ಚಿಲಕ ಹಾಕ್ತಿದ್ದವಳು, ತೆಗೀತಿದ್ದವಳು ನಾನೇ. ಸರಳಿನ ಸಂದೀಲಿ ಬೆಕ್ಕೂ ತೂರಲ್ಲ.”

“ಅಷ್ಟು ದಿನ ಒಂಟಿಯಾಗಿ ಸುಮ್ಮನೆ ಇತ್ತಾ?”

“ಒಂಟಿಯಾಗಿ ಯಾಕೆ ಬಿಡ್ಲಿ? ಬೇಜಾರಾಗುತ್ತೆ ಅಂತ ಈ ಕಂದನ್ನೂ ಜೊತೆಗೇ ಕೂಡಿಹಾಕಿದ್ದೆ.”

ಪಶುವೈದ್ಯೆ ಮಸಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಹಲ್ಲು ನೋಡಿ, ಬಾಲ ಎತ್ತಿದರು.

“ಆರು ತಿಂಗಳು ದಾಟಿದ ಗಂಡುನಾಯೀನ ಕಂದ ಅಂತ ನಂಬಬಾರದು, ಟೀಚರ್. ಮರಿಗಳ ಅಪ್ಪ ಇವನೇ.”