ಹ್ಞೂಂ ಎಂದ ಮೇಲೆ

"ಹ್ಞೂಂ," ಎಂದ ಗಂಡ, ಇಸ್ತ್ರಿಪೆಟ್ಟಿಗೆಯಿಂದ ತಲೆಯೆತ್ತದೆ. ಬೇರೆ ಊರಿನ ಕಚೇರಿಯಲ್ಲಿ ಬಡ್ತಿ ಕೊಡುತ್ತಿದ್ದಾರೆ, ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕು ಎಂದು ಅವಳು ಹೇಳಿದ್ದಕ್ಕೆ ಸಿಕ್ಕ ಉತ್ತರ ಅಷ್ಟೇ. ಗಿರಾಕಿಗೆಂದು ತಾನೇ ಹೊಲಿದು ಮುಗಿಸಿದ ಅಂಗಿಯಲ್ಲೇ ಅವನು ಮುಳುಗಿದ್ದ.

ಅವಳು ಲ್ಯಾಪ್‌ಟಾಪಿಗೆ ತಿರುಗಿದಳು. ಆಸ್ಪತ್ರೆಯೊಂದಕ್ಕೆ ಅವಳು ಬರೆಯುತ್ತಿದ್ದ, ರೋಗಿಗಳ ಪ್ರಶ್ನೆಗೆ ಉತ್ತರಿಸುವ ಚಾಟ್‌ಬಾಟ್, ಒಬ್ಬ ರೋಗಿಯ ಹಳೆಯ ವರದಿ ಹುಡುಕಲು ಹೊರಟರೆ ಉಳಿದವರೆಲ್ಲರ ಪಾಲಿಗೆ ಮೂಕವಾಗುತ್ತಿತ್ತು. ನಿಧಾನದ ಆ ಹುಡುಕಾಟವನ್ನು ಅವಳು ಇವತ್ತು ಹಿನ್ನೆಲೆಗೆ ಸರಿಸಿದ್ದಳು. ಈಗ ಅದು ಕೇಳಿದ ತಕ್ಷಣ "ಹ್ಞೂಂ, ನೋಡ್ತಾ ಇದ್ದೀನಿ" ಎಂದು, ಮಿಕ್ಕವರನ್ನು ಮಾತಾಡಿಸುತ್ತಲೇ ಇದ್ದು, ವರದಿ ಸಿಕ್ಕಾಗ ತಂದುಕೊಡುತ್ತಿತ್ತು.

"ಇದಕ್ಕಿರೋ ಬುದ್ಧಿನೂ ನಿಮಗಿಲ್ವಲ್ರೀ," ಎಂದಳು.

"ಹ್ಞೂಂ," ಎಂದ, ಕಾಲರ್ ಮಗುಚುತ್ತ.

ಅವಳಿಗೆ ರೋಸಿಹೋಯಿತು. ಮ್ಯಾನೇಜರಿಗೆ 'ನನಗೆ ಈ ಬಡ್ತಿ ಬೇಡ' ಎಂದು ಬರೆದಳು. ಇನ್ನು ಕಳುಹಿಸುವುದೊಂದೇ ಬಾಕಿ.

"ಅಲ್ಲ ಕಣೇ," ಗಂಡ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ಆ ಊರಲ್ಲಿ ಕೆಳಗಿನ ಮನೆನೇ ನೋಡ್ಬೇಕು, ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ. ನನ್ನ ಹೊಲಿಗೆ ಮಷಿನ್‌ಗೇನು, ಎಲ್ಲಿ ಹಾಕಿದ್ರೂ ಓಡುತ್ತೆ. ಆದ್ರೆ ಕಿಟಕಿ ಪಕ್ಕ ಜಾಗ ಬೇಕು."

ಅವಳು 'ಬೇಡ' ಎಂಬುದನ್ನು ಅಳಿಸಿದಳು.